ಹಿಸ್ಟರಿ ಅಳಿಸಿದರೆ ಹಾಕಿದ ಅರ್ಜಿಯೂ ಹೋಗುತ್ತಾ?

ಮೊನ್ನೆ ರಾತ್ರಿ ಹತ್ತೂವರೆಗೆ ಅಕ್ಕನ ಮಗಳ ಫೋನ್. ಸ್ಕಾಲರ್‌ಶಿಪ್ ಅರ್ಜಿ ತುಂಬಿ, ಸಬ್‌ಮಿಟ್ ಒತ್ತಿ, ಆಮೇಲೆ ಮೊಬೈಲ್ ಸ್ಲೋ ಆಗಿದೆ ಅಂತ ಕ್ರೋಮ್‌ನಲ್ಲಿದ್ದದ್ದನ್ನೆಲ್ಲ ಅಳಿಸಿದ್ದಾಳೆ. ಮತ್ತೆ ವೆಬ್‌ಸೈಟ್ ತೆರೆದರೆ ಲಾಗಿನ್ ಆಗಿ ಅನ್ನುತ್ತಿದೆ. ‘ಮಾಮಾ, ಅರ್ಜಿಯೂ ಹೋಯ್ತಾ?’ ಅಳುವುದೊಂದೇ ಬಾಕಿ.

ಹೋಗಿರಲಿಲ್ಲ. ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟು ಮನೆಗೆ ಬಂದು, ‘ಇವತ್ತು ಅರ್ಜಿ ಕೊಟ್ಟೆ’ ಅಂತ ಡೈರಿಯಲ್ಲಿ ಬರೆದ ಹಾಳೆ ಹರಿದರೆ ಕಚೇರಿಯಲ್ಲಿರುವ ಅರ್ಜಿ ಹರಿಯುತ್ತದಾ? ಇದೂ ಹಾಗೇ. ಸಬ್‌ಮಿಟ್ ಒತ್ತಿದ ಕೂಡಲೇ ನೀವು ತುಂಬಿದ್ದೆಲ್ಲ ಆ ವೆಬ್‌ಸೈಟಿನ ಸರ್ವರ್‌ಗೆ, ಅಂದರೆ ಅವರ ಕಡೆಯ ಕಂಪ್ಯೂಟರ್‌ಗೆ ಹೋಗುತ್ತದೆ, ಅಲ್ಲಿನ ಡೇಟಾಬೇಸ್‌ನಲ್ಲಿ ಕೂರುತ್ತದೆ. ಹಿಸ್ಟರಿ ಅಂದರೆ ನೀವು ಯಾವ ಪುಟಕ್ಕೆ ಯಾವಾಗ ಹೋಗಿದ್ದಿರಿ ಎಂಬ ಪಟ್ಟಿ. ಅದು ಇರುವುದು ನಿಮ್ಮ ಕಡೆ. ಕ್ರೋಮ್ ತಾನೇ ಸುಮಾರು 90 ದಿನಕ್ಕಿಂತ ಹಳೆಯದನ್ನು ತೆಗೆದುಹಾಕುತ್ತದೆ. ಹಾಗಂತ ಮೂರು ತಿಂಗಳ ಹಿಂದಿನ ಅರ್ಜಿಗಳೆಲ್ಲ ಮಾಯವಾಗಿವೆಯಾ?

ಆದರೂ ಮನಸ್ಸು ಕೇಳಲ್ಲ, ಅಲ್ವಾ? ಹಾಗಾದರೆ ಹೀಗೆ ಮಾಡಿ. ಮೊದಲು ಎಸ್ಸೆಮ್ಮೆಸ್ ಮತ್ತು ಇಮೇಲ್ ನೋಡಿ. ಅರ್ಜಿ ಸಂಖ್ಯೆ ಬಹಳ ಸಲ ಅಲ್ಲೇ ಇರುತ್ತದೆ. ಅಕ್ಕನ ಮಗಳಿಗೆ ಸಿಕ್ಕಿದ್ದು ಮೂರು ಒಟಿಪಿಗಳ ಕೆಳಗೆ. ಸಿಗದಿದ್ದರೆ ಅದೇ ಐಡಿಯಿಂದ ಮತ್ತೆ ಲಾಗಿನ್ ಆಗಿ. ಪಾಸ್‌ಪೋರ್ಟ್ ಸೇವಾ ಪೋರ್ಟಲ್‌ನಲ್ಲಿ, ಉದಾಹರಣೆಗೆ, ಉಳಿಸಿದ ಮತ್ತು ಸಲ್ಲಿಸಿದ ಅರ್ಜಿಗಳನ್ನು ತೋರಿಸುವ ಆಯ್ಕೆಯೇ ಇದೆ. ಯಾವ ಕಂಪ್ಯೂಟರ್‌ನಿಂದ ನೋಡಿದರೂ ಅದೇ ಕಾಣುತ್ತದೆ, ಯಾಕೆಂದರೆ ಅದು ಬರುವುದು ಸರ್ವರ್‌ನಿಂದ. ಗಾಬರಿಯಲ್ಲಿ ಇನ್ನೊಂದು ಅರ್ಜಿ ಮಾತ್ರ ಹಾಕಬೇಡಿ. ಶುಲ್ಕ ಎರಡು ಸಲ ಕಟ್ಟಿದರೆ ವಾಪಸ್ ಪಡೆಯುವ ಓಡಾಟ ಬೇರೆ.

ನಿಜವಾಗಿ ಹುಷಾರಾಗಿರಬೇಕಾದ್ದು ಅರ್ಧ ತುಂಬಿದ ಫಾರಂ ವಿಷಯದಲ್ಲಿ. ಸಬ್‌ಮಿಟ್ ಆಗುವ ತನಕ ನೀವು ಟೈಪ್ ಮಾಡಿದ್ದು ಎಷ್ಟೋ ಸಲ ಆ ಪುಟದಲ್ಲಷ್ಟೇ ಇರುತ್ತದೆ, ಟ್ಯಾಬ್ ಮುಚ್ಚಿದರೆ ಹೋಯಿತು. ಕೆಲವು ವೆಬ್‌ಸೈಟ್‌ಗಳು ಡ್ರಾಫ್ಟ್ ಅನ್ನು ಸರ್ವರ್‌ನಲ್ಲೇ ಉಳಿಸುತ್ತವೆ, ಅದಕ್ಕೆ ತೊಂದರೆ ಇಲ್ಲ. ಇನ್ನು ಕೆಲವು ನಿಮ್ಮ ಬ್ರೌಸರ್‌ನೊಳಗೇ ಬಚ್ಚಿಡುತ್ತವೆ. ‘ಕುಕೀಸ್ ಮತ್ತು ಸೈಟ್ ಡೇಟಾ’, ಅಂದರೆ ವೆಬ್‌ಸೈಟ್‌ಗಳು ನಿಮ್ಮ ಬ್ರೌಸರ್‌ನಲ್ಲಿ ಇಟ್ಟ ಮಾಹಿತಿ ಅಳಿಸಿದರೆ ಆ ಡ್ರಾಫ್ಟ್ ಕೂಡ ಮಣ್ಣುಪಾಲು. ಆದ್ದರಿಂದ ಅರ್ಜಿ ಸಂಖ್ಯೆ ಕಣ್ಣಿಗೆ ಬಿದ್ದು, ಅದರ ಸ್ಕ್ರೀನ್‌ಶಾಟ್ ತೆಗೆಯುವ ತನಕ ಏನನ್ನೂ ಅಳಿಸಬೇಡಿ.

ಆಮೇಲೆ ಅಳಿಸುವುದಾದರೆ, ಕಂಪ್ಯೂಟರ್‌ನಲ್ಲಿ ಕಂಟ್ರೋಲ್, ಶಿಫ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ. ಮೊಬೈಲ್‌ನ ಕ್ರೋಮ್‌ನಲ್ಲಿ ಮೂರು ಚುಕ್ಕಿ ಒತ್ತಿದರೆ ‘ಡಿಲೀಟ್ ಬ್ರೌಸಿಂಗ್ ಡೇಟಾ’ ಸಿಗುತ್ತದೆ. ಮೊದಲು ಎಷ್ಟು ಹೊತ್ತಿನದು ಅಂತ ಆರಿಸಿ. ಕಳೆದ ಒಂದು ಗಂಟೆಯದು ಸಾಕಿದ್ದರೆ ಎಲ್ಲವನ್ನೂ ಯಾಕೆ ಅಳಿಸಬೇಕು? ಹಿಸ್ಟರಿಗೆ ಟಿಕ್ ಹಾಕಿದರೆ ಪುಟಗಳ ಪಟ್ಟಿ ಹೋಗುತ್ತದೆ. ಕುಕೀಸ್‌ಗೆ ಹಾಕಿದರೆ ವೆಬ್‌ಸೈಟ್‌ಗಳಿಂದ ಲಾಗೌಟ್ ಆಗುತ್ತೀರಿ, ಅಕ್ಕನ ಮಗಳಿಗೆ ಆಗಿದ್ದು ಇದೇ. ಜಾಗ ಖಾಲಿಯಾಗಬೇಕಿದ್ದರೆ ಕ್ಯಾಶ್ (ಪುಟ ಬೇಗ ತೆರೆಯಲಿ ಅಂತ ಬ್ರೌಸರ್ ಉಳಿಸಿಟ್ಟ ಚಿತ್ರ, ಫೈಲ್‌ಗಳು) ಒಂದನ್ನೇ ಅಳಿಸಿ. ಹಿಸ್ಟರಿ ಪಟ್ಟಿ ತೆಗೆದರೆ ಮೊಬೈಲ್ ಕುದುರೆಯಂತೆ ಓಡುತ್ತದೆ ಅನ್ನುವುದು ಸುಮ್ನೆ ನಂಬಿಕೆ. ಪಾಸ್‌ವರ್ಡ್‌ಗೆ ಟಿಕ್ ಇದ್ದರೆ ಎರಡು ಸಲ ಯೋಚಿಸಿ. ಒಂದೇ ಖಾತೆಯ ಸಾಧನಗಳನ್ನು ಜೋಡಿಸಿಡುವ ಸಿಂಕ್ ಆನ್ ಇದ್ದರೆ ಇಲ್ಲಿ ಅಳಿಸಿದ ಹಿಸ್ಟರಿ ನಿಮ್ಮ ಬೇರೆ ಸಾಧನಗಳಿಂದಲೂ ಹೋಗುತ್ತದೆ.

ಇದರ ಇನ್ನೊಂದು ಮುಖವೂ ಇದೆ. ತಪ್ಪು ಜನ್ಮದಿನಾಂಕ ಹಾಕಿ ಸಬ್‌ಮಿಟ್ ಮಾಡಿಬಿಟ್ಟಿದ್ದೀರಿ. ಹಿಸ್ಟರಿ ಅಳಿಸಿ ಅದನ್ನು ವಾಪಸ್ ತರಲಾಗುವುದಿಲ್ಲ. ಹಿಸ್ಟರಿ ಉಳಿಸದ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತುಂಬಿದ್ದರೂ ಅಷ್ಟೇ. ತಿದ್ದುಪಡಿಗೆ ಅವಕಾಶ ಕೊಟ್ಟಿದ್ದಾರಾ ನೋಡಿ, ಇಲ್ಲದಿದ್ದರೆ ಅರ್ಜಿ ಪಡೆದವರನ್ನೇ ಕೇಳಬೇಕು.

ಸೈಬರ್ ಸೆಂಟರ್‌ನಲ್ಲಿ ತುಂಬಿದವರಿಗೆ ಕೆಲಸ ಜಾಸ್ತಿ. ಮೊದಲು ಲಾಗೌಟ್. ಆಮೇಲೆ ಹಿಸ್ಟರಿ, ಕುಕೀಸ್ ಜತೆಗೆ ‘ಆಟೋಫಿಲ್’ ಕೂಡ ಅಳಿಸಿ. ಇಲ್ಲದಿದ್ದರೆ ನಿಮ್ಮ ನಂತರ ಕೂತವರು ಹೆಸರಿನ ಜಾಗದಲ್ಲಿ ಒಂದು ಅಕ್ಷರ ಒತ್ತಿದರೂ ನಿಮ್ಮ ಹೆಸರು, ಫೋನ್ ನಂಬರ್ ಕೆಳಗೆ ಇಳಿದು ಬರಬಹುದು. ಡೌನ್‌ಲೋಡ್ ಹಿಸ್ಟರಿ ಅಳಿಸಿದರೆ ಪಟ್ಟಿ ಹೋಗುತ್ತದೆಯೇ ಹೊರತು ಫೈಲ್ ಹೋಗುವುದಿಲ್ಲ. ಡೌನ್‌ಲೋಡ್ಸ್ ಫೋಲ್ಡರ್ ತೆರೆದು ನಿಮ್ಮ ಅರ್ಜಿಯ ಪಿಡಿಎಫ್, ಆಧಾರ್ ಸ್ಕ್ಯಾನ್ ಹುಡುಕಿ ಡಿಲೀಟ್ ಮಾಡಿ, ರಿಸೈಕಲ್ ಬಿನ್ ಖಾಲಿ ಮಾಡಿ. ಡೆಸ್ಕ್‌ಟಾಪ್ ಮೇಲೂ ಒಮ್ಮೆ ಕಣ್ಣಾಡಿಸಿ. ಸ್ಕ್ಯಾನ್ ಮಾಡಿಕೊಟ್ಟ ಹುಡುಗ ಒಂದು ಕಾಪಿಯನ್ನು ಅಲ್ಲೇ ಇಟ್ಟಿರಬಹುದು.