ಹದಿನೇಳು ಒಂದುಗಳನ್ನು ಶೀಟಿನಲ್ಲೇ ಒಡೆದೆ

11111111111111111. ಹದಿನೇಳು ಒಂದು. ಇದರ ಅಪವರ್ತನಗಳನ್ನು ಸ್ಪ್ರೆಡ್‌ಶೀಟ್‌ನಲ್ಲೇ ಹುಡುಕುತ್ತೇನೆ ಅಂದಾಗ ಗೆಳೆಯರು ಒಬ್ಬರೂ ಒಪ್ಪಲಿಲ್ಲ. "ಅದು 15 ಅಂಕಿಗಿಂತ ಜಾಸ್ತಿ ಹಿಡಿಯಲ್ಲ ಮಾರಾಯ, ಸುಮ್ನೆ ಪ್ರೋಗ್ರಾಂ ಬರಿ" ಅಂದರು. ಮಾತು ನಿಜವೇ. ಎಂಟರ್ ಒತ್ತಿದರೆ ಕೊನೆಯ ಎರಡು ಒಂದು ಸೊನ್ನೆಯಾಗುತ್ತಿತ್ತು. ಅದು ಕಣ್ಣಿಗೆ ಬೀಳುವ ಮೊದಲು ಒಂದು ವಾರ ತಪ್ಪು ಸಂಖ್ಯೆಯನ್ನೇ ಭಾಗಿಸಿದ್ದೆ. ಎರಡು ತುಂಡು ಮಾಡಿ ನೋಡಿದೆ, ಮಷಿನ್ ಹ್ಯಾಂಗ್ ಆಯ್ತು.

ಆಮೇಲೆ ಹೊಳೆಯಿತು. ಆ ಸಂಖ್ಯೆಯನ್ನು ಶೀಟಿಗೆ ಹಾಕಲೇಬೇಕಿಲ್ಲ, ಅಲ್ವಾ? ಅದನ್ನು 9ರಿಂದ ಗುಣಿಸಿದರೆ 10ರ 17ನೇ ಘಾತಕ್ಕಿಂತ ಒಂದೇ ಕಡಿಮೆ. ಹಾಗಾಗಿ ಭಾಜಕದಿಂದ ಆ ಘಾತವನ್ನು ಭಾಗಿಸಿದಾಗ ಶೇಷ 1 ಬಂದರೆ ಸಾಕು. 17 ಅವಿಭಾಜ್ಯವಾದ್ದರಿಂದ ಇದರ ಭಾಜಕ ಯಾವುದಾದರೂ 17ರ ಎರಡರಷ್ಟಾದ 34ರ ಗುಣಕಕ್ಕೆ ಒಂದು ಕೂಡಿಸಿದ್ದೇ ಆಗಿರುತ್ತದೆ. ಅಂಥವನ್ನೇ ಸಾಲಿಗೊಂದರಂತೆ ಇಟ್ಟೆ. 10,000ದ ಶೇಷ, ಅದರ ವರ್ಗದ ಶೇಷ, ಮತ್ತೆ ವರ್ಗದ ಶೇಷ, ಕೊನೆಗೆ ಹತ್ತರಿಂದ ಗುಣಿಸಿ ಶೇಷ. ನಾಲ್ಕೇ ಕಾಲಂ. ಎಲ್ಲೂ 13 ಅಂಕಿ ದಾಟುವುದಿಲ್ಲ.

ಮೊದಲು ಹನ್ನೊಂದು ಒಂದುಗಳ ಮೇಲೆ, 34ರ ಬದಲು 22 ಇಟ್ಟು, ಪರೀಕ್ಷೆ ಮಾಡಿದೆ. 984ನೇ ಸಾಲಿಗೇ 21,649 ಸಿಕ್ಕಿತು. ಧೈರ್ಯ ಬಂತು.

ನನ್ನದು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್, 4,500 ರೂಪಾಯಿ ಇರಬೇಕು. ರ‍್ಯಾಮ್‌ಗೆ ಇನ್ನೊಂದು ಏಳುನೂರು. ಸೇವ್ ಮಾಡುವ ಮೊದಲೇ ಎರಡು ಸಲ ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿಗೂ ಸಾವಿರದ ಹತ್ತಿರ ಹೋಯಿತು. ಹಳೆ ಆವೃತ್ತಿಯ ಶೀಟಿನಲ್ಲಿ ಇರುವುದೇ 65,536 ಸಾಲು. ಐವತ್ತು ಸಾವಿರ ದಾಟಿದರೂ ಏನೂ ಇಲ್ಲ. 60,933ನೇ ಸಾಲಿನ ಕೊನೆಯ ಕಾಲಂನಲ್ಲಿ, ಆರೇಳು ಅಂಕಿಯ ಶೇಷಗಳ ನಡುವೆ, ಒಂಟಿ 1! ಭಾಜಕ 20,71,723.

ಇನ್ನೊಂದು ಅಪವರ್ತನ 5,36,32,22,357. ಅದು ಅವಿಭಾಜ್ಯವೇ ಅಂತ ಬೇರೆ ಪರೀಕ್ಷೆ ಬೇಕಾಗಲಿಲ್ಲ. ಅದರ ವರ್ಗಮೂಲ ಸುಮಾರು 73 ಸಾವಿರ, ಅಷ್ಟು ದೊಡ್ಡ ಭಾಜಕದವರೆಗಿನ ಸಾಲುಗಳೆಲ್ಲ ಆಗಲೇ ಖಾಲಿ ಬಂದಿದ್ದವು. ಗುಣಾಕಾರ ಮಾತ್ರ ಶೀಟಿನಲ್ಲಿ ಆಗದು. ಚೌಕುಳಿ ಹಾಳೆಯಲ್ಲಿ ಪೆನ್ಸಿಲಿನಿಂದ ಮಾಡಿದೆ. ಬಲಗಡೆಯಿಂದ ಕೂಡುತ್ತಾ ಹೋದಂತೆ ಒಂದೊಂದೇ ಮನೆಯಲ್ಲಿ 1 ಬಂದು ಕೂತಿತು, ಹದಿನೇಳೂ. ಆ ಹಾಳೆ ಗೆಳೆಯರಿಗೆಲ್ಲ ತೋರಿಸಿ ಬಂದೆ.

ಎರಡೇ ಅವಿಭಾಜ್ಯಗಳ ಗುಣಲಬ್ಧ, ಅಂದರೆ ಭಾಜಕಗಳು ನಾಲ್ಕೇ. ತನ್ನನ್ನು ಬಿಟ್ಟು ಉಳಿದವುಗಳ ಮೊತ್ತ 5,36,52,94,081. ಸಂಖ್ಯೆಯ ಮುಂದೆ ಇದು ಏನೂ ಅಲ್ಲ, ಹಾಗಾಗಿ ಕೊರತೆಯ ಸಂಖ್ಯೆ. ನಾಲ್ಕರಿಂದ ಭಾಗಿಸಿದರೆ 3 ಉಳಿಯುತ್ತದೆ. ಆದ್ದರಿಂದ ವರ್ಗವೂ ಅಲ್ಲ, ಎರಡು ವರ್ಗಗಳ ಮೊತ್ತವೂ ಅಲ್ಲ.

ಅರ್ಧದಷ್ಟು ಸಾಲು ಮೊದಲೇ ತೆಗೆದುಹಾಕುವ ಉಪಾಯ ಆಮೇಲೆ ಸಿಕ್ಕಿತು. ಭಾಜಕವನ್ನು 40ರಿಂದ ಭಾಗಿಸಿ ಶೇಷ ನೋಡಿ, ಇಷ್ಟೇ ಹೇಳುತ್ತೇನೆ.

ಹದಿಮೂರು ಒಂದುಗಳನ್ನೂ ಹಾಕಿ ನೋಡಿದೆ. ಎರಡು, ಮೂರನೇ ಸಾಲಿನಲ್ಲೇ 53, 79. ಹತ್ತೊಂಬತ್ತಕ್ಕೆ ಶೀಟ್ ಮುಗಿದರೂ 1 ಬರಲಿಲ್ಲ. ಅದು ಅವಿಭಾಜ್ಯ, ಬರುವುದೂ ಇಲ್ಲ. ಆದರೆ ಅದನ್ನು ಈ ದಾರಿಯಲ್ಲೇ ಸಾಧಿಸಬೇಕಾದರೆ ಎರಡೂ ಮುಕ್ಕಾಲು ಕೋಟಿ ಸಾಲು ಬೇಕು.