ಸಿಂಗಪುರದ ಸೆಕೆಯಲ್ಲಿ ಮಕ್ಕಳೊಂದಿಗೆ ಪಾರ್ಕಿಗೆ: ಹೊಸದಾಗಿ ಬಂದವರಿಗೆ

ಸಿಂಗಪುರಕ್ಕೆ ಹೊಸದಾಗಿ ಬಂದ ಕನ್ನಡದ ಮನೆಗಳಲ್ಲಿ ಒಂದು ಮಾತು ಮೇಲಿಂದ ಮೇಲೆ ಕೇಳಿಬರುತ್ತದೆ: "ಈ ಬಿಸಿಲು ಸ್ವಲ್ಪ ಇಳಿಯಲಿ, ಆಮೇಲೆ ಮಕ್ಕಳನ್ನು ಪಾರ್ಕಿಗೆ ಕರೆದುಕೊಂಡು ಹೋಗೋಣ." ಸಮಭಾಜಕ ವೃತ್ತದ ಮಗ್ಗುಲಲ್ಲೇ ಇರುವ ಈ ಊರಿನಲ್ಲಿ ಆ "ಆಮೇಲೆ" ಬರುವುದೇ ಇಲ್ಲ. ಹಗಲಿನ ಗರಿಷ್ಠ ಉಷ್ಣಾಂಶ ವರ್ಷವಿಡೀ 31–32 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಜನವರಿಯ ಸರಾಸರಿಗೂ ಮೇ ತಿಂಗಳ ಸರಾಸರಿಗೂ ಇರುವ ಅಂತರ ಸುಮಾರು 2 ಡಿಗ್ರಿ ಮಾತ್ರ. ಮಂಗಳೂರು, ಕಾರವಾರದ ಕಡೆಯವರಿಗೆ ಈ ಸೆಕೆ ಹಳೆಯ ಪರಿಚಯವಾದ್ದರಿಂದ ಅವರು ಬೇಗ ಹೊಂದಿಕೊಳ್ಳುತ್ತಾರೆ. ಬೆಂಗಳೂರು, ಮೈಸೂರಿನಿಂದ ಬಂದವರು ಮಾತ್ರ ಬಾರದ ಚಳಿಗಾಲಕ್ಕೆ ಕಾಯುತ್ತ ಶನಿವಾರ, ಭಾನುವಾರಗಳನ್ನೆಲ್ಲ ಮಾಲುಗಳ ಎಸಿಯಲ್ಲೇ ಕಳೆದುಬಿಡುತ್ತಾರೆ. ಇಲ್ಲಿ ಹೊರಗೆ ಹೊರಡುವವರು ಗಡಿಯಾರವನ್ನೂ ಆಕಾಶವನ್ನೂ ನೋಡಬೇಕೇ ಹೊರತು ಕ್ಯಾಲೆಂಡರನ್ನಲ್ಲ.

ಮೊದಲು ಗಡಿಯಾರದ ವಿಷಯ. ಸಿಂಗಪುರವು 1982ರಿಂದ ತನ್ನ ಭೂಗೋಳಕ್ಕೆ ಸಲ್ಲುವುದಕ್ಕಿಂತ ಸುಮಾರು ಒಂದು ಗಂಟೆ ಮುಂದಿರುವ ವೇಳೆಯನ್ನು ಪಾಲಿಸುತ್ತಿರುವುದರಿಂದ ಇಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ 7ರ ಸುಮಾರಿಗೆ, ಮುಳುಗುವುದು ಸಂಜೆ 7ರ ಸುಮಾರಿಗೆ, ನೆತ್ತಿಯ ಮೇಲೆ ಬರುವುದು ಮಧ್ಯಾಹ್ನ 1ರ ಹೊತ್ತಿಗೆ. ಊರಿನಲ್ಲಿ ಮಕ್ಕಳನ್ನು ಸಂಜೆ ನಾಲ್ಕಕ್ಕೆ ಆಟಕ್ಕೆ ಬಿಡುವ ಅಭ್ಯಾಸವಿದ್ದವರು ಇಲ್ಲಿಯೂ ಹಾಗೆಯೇ ಮಾಡಿದರೆ ಕಡುಬಿಸಿಲಿಗೇ ಬಿಟ್ಟಂತಾಗುತ್ತದೆ. ಬೆಳಿಗ್ಗೆ 7ರಿಂದ 9ರವರೆಗೆ, ಸಂಜೆ 5.30ರ ನಂತರ, ಇವೆರಡೇ ಚಿಕ್ಕ ಮಕ್ಕಳಿಗೆ ಹಿತವಾದ ಸಮಯಗಳು. ನನ್ನ ಒಲವು ಬೆಳಗಿನ ಕಡೆಗೇ, ಏಕೆಂದರೆ ಸಂಜೆಯ ಹೊತ್ತಿಗೆ ನೆಲವೂ ಜಾರುಬಂಡೆಯೂ ಕಾದಿರುತ್ತವೆ. ಮಗುವನ್ನು ಕೂರಿಸುವ ಮೊದಲು ಅಂಗೈ ತಿರುಗಿಸಿ ಹೊರಮೈಯಿಂದ ಜಾರುಬಂಡೆಯನ್ನೊಮ್ಮೆ ಮುಟ್ಟಿ ನೋಡಿ. ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಬೆವರು ಆರುವುದಿಲ್ಲ, ಬೆವರು ಆರದೆ ಮೈ ತಣಿಯುವುದಿಲ್ಲ. ಆದ್ದರಿಂದ ಎರಡು ಗಂಟೆಗಿಂತ ಹೆಚ್ಚು ಹೊರಗಿರುವ ಯೋಜನೆಯನ್ನೇ ಹಾಕಿಕೊಳ್ಳಬೇಡಿ, ಮತ್ತು ಒಂದು ಜೊತೆ ಒಣ ಬಟ್ಟೆಯನ್ನು ಚೀಲದಲ್ಲಿಟ್ಟುಕೊಳ್ಳದೆ ಹೊರಡಬೇಡಿ. ಕುಡಿಯುವ ನೀರಿನ ಚಿಂತೆ ಬೇಡ. ನಲ್ಲಿಯ ನೀರನ್ನು ಇಲ್ಲಿ ನೇರವಾಗಿಯೇ ಕುಡಿಯಬಹುದು. ಉಪ್ಪು ಹಾಕಿದ ನೀರುಮಜ್ಜಿಗೆಯನ್ನು ಫ್ಲಾಸ್ಕಿನಲ್ಲಿ ಒಯ್ದರೆ ಇನ್ನೂ ಒಳ್ಳೆಯದು.

ಇನ್ನು ಆಕಾಶ. ಮಳೆಗಿಂತ ಇಲ್ಲಿ ಹೆದರಬೇಕಾದದ್ದು ಸಿಡಿಲಿಗೆ. ವರ್ಷದ ಹೆಚ್ಚುಕಡಿಮೆ ಅರ್ಧದಷ್ಟು ದಿನಗಳಲ್ಲಿ ಈ ದ್ವೀಪದ ಒಂದಲ್ಲ ಒಂದು ಕಡೆ ಗುಡುಗು ಕೇಳಿಬರುತ್ತದೆ. ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್ ತಿಂಗಳುಗಳಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಗುಡುಗಿನೊಂದಿಗೆ ಸುರಿಯುವುದು ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುಮಾತ್ರಾದ ಕಡೆಯಿಂದ ಬೀಸಿ ಬರುವ ಬಿರುಗಾಳಿ ಮಳೆ ನಸುಕಿನಲ್ಲೋ ಬೆಳಿಗ್ಗೆಯೋ ಹೊಡೆದು ಹೋಗುತ್ತದೆ. ಗುಡುಗು ಕೇಳಿಸಿದೊಡನೆ ಮರದ ಕೆಳಗೆ ನಿಲ್ಲುವ ನಮ್ಮ ಅಭ್ಯಾಸವನ್ನು ಬಿಟ್ಟು ಕಟ್ಟಡವೊಂದರ ಒಳಗೆ ಹೋಗಬೇಕು. ಎಚ್‌ಡಿಬಿ ಎಂಬ ಸರ್ಕಾರಿ ವಸತಿ ಕಟ್ಟಡಗಳ ಕೆಳಗಿರುವ ವಾಯ್ಡ್ ಡೆಕ್ ಎಂಬ ಬಯಲು ಅಂತಸ್ತು ಇದಕ್ಕೆ ಬಹಳ ಅನುಕೂಲ. ಮಳೆ ನಿಲ್ಲುವವರೆಗೆ ಅಲ್ಲಿ ಕೂತರೆ ಯಾರೂ ಏನೂ ಅನ್ನುವುದಿಲ್ಲ. ಡೆಂಗಿ ಹರಡುವ ಸೊಳ್ಳೆ ಹಗಲಿನಲ್ಲೇ ಕಚ್ಚುವುದರಿಂದ ಸೊಳ್ಳೆಯ ಮುಲಾಮನ್ನು ಸಂಜೆಗೆಂದು ಮೀಸಲಿಡದೆ ಬೆಳಿಗ್ಗೆಯೇ ಹಚ್ಚಿ.

ಎಲ್ಲಿಂದ ಆರಂಭಿಸಬೇಕೆಂದು ಕೇಳಿದರೆ, ಸಂಶಯವೇ ಇಲ್ಲದೆ ಬೊಟಾನಿಕ್ ಗಾರ್ಡನ್ಸ್ ಎನ್ನುತ್ತೇನೆ. 1859ರಲ್ಲಿ ಆರಂಭವಾಗಿ 2015ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ತೋಟಕ್ಕೆ ಪ್ರವೇಶ ಉಚಿತ, ಬಾಗಿಲು ಬೆಳಿಗ್ಗೆ 5ಕ್ಕೇ ತೆರೆದಿರುತ್ತದೆ. ಲಾಲ್‌ಬಾಗಿನಲ್ಲಿ ಓಡಾಡಿ ಬೆಳೆದವರಿಗೆ ಇಲ್ಲಿ ಕಾಲಿಟ್ಟ ಕೂಡಲೇ ಮನಸ್ಸು ಹಗುರಾಗುತ್ತದೆ. ಆದರೆ ಜಾಗ ಉದ್ದುದ್ದಕ್ಕೆ ಚಾಚಿಕೊಂಡಿರುವುದರಿಂದ ಒಂದೇ ದಿನ ಎಲ್ಲವನ್ನೂ ತೋರಿಸುವ ಹಟ ಬೇಡ. ಬುಕಿತ್ ತಿಮಾ ಕಡೆಯ ತುದಿಯಲ್ಲಿರುವ ಜೇಕಬ್ ಬಲ್ಲಾಸ್ ಮಕ್ಕಳ ತೋಟ 14 ವರ್ಷದವರೆಗಿನವರಿಗೆಂದೇ ಇರುವುದು; ಅಲ್ಲಿ ದೊಡ್ಡವರಿಗೆ ಮಗು ಜೊತೆಗಿದ್ದರೆ ಮಾತ್ರ ಪ್ರವೇಶ, ಸೋಮವಾರ ರಜೆ. ನೀರಾಟದ ಜಾಗವೂ ಇರುವುದರಿಂದ ಮಕ್ಕಳು ಅಲ್ಲಿಂದ ಒದ್ದೆಯಾಗದೆ ಬರುವುದಿಲ್ಲ. ಇನ್ನೊಂದು ದಿನ ಟ್ಯಾಂಗ್ಲಿನ್ ಕಡೆಯಿಂದ ಹೋಗಿ ಅಲ್ಲಿನ ಟೆಂಬುಸು ಮರವನ್ನು ತೋರಿಸಿ. ತೋಟಕ್ಕಿಂತಲೂ ಹಳೆಯದಾದ ಈ ಮರದ ಚಿತ್ರ 5 ಡಾಲರ್ ನೋಟಿನ ಹಿಂಬದಿಯಲ್ಲಿದೆ. ನೆಲಕ್ಕೆ ಸಮಾನಾಂತರವಾಗಿ ಚಾಚಿದ ಅದರ ದಪ್ಪ ಕೊಂಬೆಯನ್ನು ಮಗುವೇ ನೋಟನ್ನು ಎತ್ತಿ ಹಿಡಿದು ಹೋಲಿಸಿ ನೋಡಲಿ. ಯಾವ ವಿವರಣೆಯೂ ಬೇಕಾಗುವುದಿಲ್ಲ.

ಬಿಷಾನ್–ಆಂಗ್ ಮೊ ಕಿಯೊ ಪಾರ್ಕಿನ ಸೊಬಗೇ ಬೇರೆ. ಕಾಂಕ್ರೀಟು ಕಾಲುವೆಯಲ್ಲಿ ಹರಿಯುತ್ತಿದ್ದ ಕಲ್ಲಾಂಗ್ ನದಿಯನ್ನು ಅಲ್ಲಿ ಬಿಡಿಸಿ, 2012ರಲ್ಲಿ ಹುಲ್ಲುದಂಡೆಗಳ ನಡುವೆ ಅಂಕುಡೊಂಕಾಗಿ ಹರಿಯಲು ಬಿಟ್ಟರು; ಈಗ ಆ ಹೊಳೆಯಲ್ಲಿ ನೀರುನಾಯಿಗಳು ಕಾಣಸಿಗುತ್ತವೆ. ಗುಂಪಿಗೆ ಗುಂಪೇ ದಂಡೆಗೆ ಹತ್ತಿ, ಮೈ ಒಣಗಿಸಿಕೊಳ್ಳಲು ಹುಲ್ಲಿನ ಮೇಲೆ ಉರುಳಾಡಿ, ಮುಂಗಾಲುಗಳಲ್ಲಿ ಮೀನನ್ನು ಒತ್ತಿ ಹಿಡಿದು ಕರಕರ ಅಗಿಯುವ ಸದ್ದು ದಾರಿಯಲ್ಲಿ ನಿಂತವರಿಗೂ ಕೇಳಿಸುತ್ತದೆ. ಮರಿಗಳಿದ್ದಾಗ ಅವು ಎದುರುಬೀಳುವುದುಂಟು, ದೂರದಿಂದಲೇ ನೋಡಿ. ಮಳೆ ಬಂದರೆ ಆ ಹೊಳೆ ಬೇಗ ಏರುತ್ತದೆ. ಎಚ್ಚರಿಕೆಯ ದೀಪವೋ ಸೈರನ್ನೋ ಶುರುವಾದ ಕೂಡಲೇ ನೀರಿನಿಂದ ಮೇಲೆ ಬನ್ನಿ. ಆಟವೇ ಮುಖ್ಯವೆನ್ನುವ ಮಕ್ಕಳಿಗೆ ಉತ್ತರದ ಅಡ್ಮಿರಾಲ್ಟಿ ಪಾರ್ಕಿನಲ್ಲಿ 26 ಜಾರುಬಂಡೆಗಳಿವೆ. ಸೈಕಲ್ ಕಲಿಸುವುದಕ್ಕೆ ಸಮುದ್ರದಂಚಿನ ಈಸ್ಟ್ ಕೋಸ್ಟ್ ಪಾರ್ಕಿಗಿಂತ ಒಳ್ಳೆಯ ಜಾಗ ನನಗೆ ತಿಳಿದಿಲ್ಲ.

ನಿಯಮಗಳ ಬಗ್ಗೆ ಹೇಳಲೇಬೇಕು. ನಮ್ಮಲ್ಲಿ ಬೆಳಗಿನ ವಾಕಿಂಗಿನಲ್ಲಿ ಪೂಜೆಗೆ ನಾಲ್ಕು ಹೂ ಕೀಳುವುದು ತಪ್ಪೆಂದು ಯಾರೂ ಭಾವಿಸುವುದಿಲ್ಲ. ಇಲ್ಲಿ ಪಾರ್ಕಿನ ದೇವಕಣಗಿಲೆಯನ್ನಾಗಲಿ ರಸ್ತೆಬದಿಯ ಮಾವಿನ ಕಾಯಿಯನ್ನಾಗಲಿ ಕೀಳುವಂತಿಲ್ಲ. ಊರಿನಿಂದ ಬಂದ ಅಜ್ಜ ಅಜ್ಜಿಯರಿಗೆ ಇದನ್ನು ಮೊದಲೇ ತಿಳಿಸಿ, ಪೂಜೆಯ ಹೂವಿಗೆ ಲಿಟಲ್ ಇಂಡಿಯಾದ ಅಂಗಡಿಗಳನ್ನು ತೋರಿಸಿಬಿಡಿ. ಕೋತಿ, ಪಾರಿವಾಳಗಳಿಗೆ ತಿನಿಸು ಹಾಕುವುದಕ್ಕೆ ಮೊದಲ ಸಲವೇ 5,000 ಡಾಲರಿನವರೆಗೆ ದಂಡ ಬೀಳಬಹುದು. ಮೆಕ್‌ರಿಚಿ ಕಾಡಿನ ಕೋತಿಗಳಿಗೆ ಪ್ಲಾಸ್ಟಿಕ್ ಚೀಲ ಕಂಡರೆ ಅದರಲ್ಲಿ ತಿಂಡಿಯಿದೆಯೆಂದು ಗೊತ್ತು. ಚಿತ್ರಾನ್ನದ ಡಬ್ಬಿ ಬೆನ್ನುಚೀಲದೊಳಗೆ ಜಿಪ್ ಹಾಕಿ ಭದ್ರವಾಗಿರಲಿ. ಎಂಆರ್‌ಟಿ ರೈಲಿನಲ್ಲಿಯೂ ನಿಲ್ದಾಣದಲ್ಲಿಯೂ ತಿನ್ನುವುದು ಕುಡಿಯುವುದು ನಿಷಿದ್ಧವಾದ್ದರಿಂದ, ಮಗುವಿಗೆ ಗೇಟಿನ ಹೊರಗೇ ನೀರು ಕುಡಿಸಿ ಒಳಗೆ ಕರೆದೊಯ್ಯಿರಿ.

ಮಕ್ಕಳು ಸೆಕೆಗೆ ಒಗ್ಗಿದ ಮೇಲೆ ಪುಲಾವ್ ಉಬಿನ್ ದ್ವೀಪಕ್ಕೆ ಹೋಗಿ. ಚಾಂಗಿ ಪಾಯಿಂಟಿನಿಂದ ಹೊರಡುವ ಸಣ್ಣ ಮರದ ದೋಣಿಗೆ ಮುಂಗಡ ಟಿಕೆಟ್ ಇಲ್ಲ. 12 ಜನ ಸೇರಿದಾಗ ಹೊರಡುತ್ತದೆ, ಬಾಡಿಗೆಯನ್ನು ನಗದಾಗಿಯೇ ಕೈಯಲ್ಲಿಟ್ಟುಕೊಳ್ಳಿ. ದ್ವೀಪದ ಚೆಕ್ ಜಾವಾ ಎಂಬ ಜೌಗು ಪ್ರದೇಶದ ಕಡಲಂಚಿನ ಜೀವಿಗಳು ಇಳಿತದ ಹೊತ್ತಿನಲ್ಲಿ ಮಾತ್ರ ಕಾಣುವುದರಿಂದ ಉಬ್ಬರವಿಳಿತದ ವೇಳಾಪಟ್ಟಿಯನ್ನು ಹಿಂದಿನ ದಿನವೇ ನೋಡಿ. ಅಂಗಡಿ, ಹೋಟೆಲುಗಳು ಜೆಟ್ಟಿಯ ಸುತ್ತಮುತ್ತಲೇ ಇರುವುದರಿಂದ ದ್ವೀಪ ಸುತ್ತಲು ಸೈಕಲ್ ಹತ್ತುವ ಮೊದಲು ಎಲ್ಲ ಬಾಟಲಿಗಳನ್ನೂ ತುಂಬಿಸಿಕೊಳ್ಳಿ.