ಮನೆಮಂದಿಯ ಫೋಟೊಗೆ ಫೋಟೊಗ್ರಾಫರ್ ಬುಕ್ ಮಾಡುವುದು ಹೇಗೆ?

ಫೋಟೊಗ್ರಾಫರಿಗೆ ಫೋನ್ ಮಾಡುವ ಮುಂಚೆ ಒಂದು ವಿಷಯ ಮನೆಯಲ್ಲೇ ತೀರ್ಮಾನವಾಗಲಿ. ತೆಗೆಸಿದ ಫೋಟೊ ಕೊನೆಗೆ ಎಲ್ಲಿರಬೇಕು? ಗೋಡೆಯ ಮೇಲಾ, ಆಲ್ಬಮ್‌ನಲ್ಲಾ, ಫೋನಿನಲ್ಲಾ? ಗೋಡೆಗೆ ಒಂದೇ ದೊಡ್ಡ ಫೋಟೊ ಸಾಕು ಅನ್ನುವವರಿಗೆ ಹಿಡಿಯುವ ಸಮಯ, ಖರ್ಚು ಬೇರೆ. ಆಲ್ಬಮ್ ತುಂಬಬೇಕು ಅನ್ನುವವರ ಲೆಕ್ಕವೇ ಬೇರೆ. ಒಟ್ಟು ಎಷ್ಟು ಜನ, ಪುಟ್ಟ ಮಕ್ಕಳೆಷ್ಟು, ಹೆಚ್ಚು ಹೊತ್ತು ನಿಲ್ಲಲಾಗದ ಹಿರಿಯರಿದ್ದಾರಾ, ನಾಯಿ-ಬೆಕ್ಕೂ ಫೋಟೊದಲ್ಲಿ ಬೇಕಾ ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಮನೆಯಲ್ಲಾ, ಹೊರಗಾ?

ಕೈಗೂಸು ಇದ್ದರೆ ಮನೆಯೇ ವಾಸಿ. ಅಲಂಕಾರ ಏನೂ ಬೇಡ, ದೊಡ್ಡ ಕಿಟಕಿ ಇರುವ ಒಂದು ಕೋಣೆ ಸಾಕು. ಕಿಟಕಿ ಬೆನ್ನ ಹಿಂದೆ ಬಂದರೆ ಮುಖ ಕಪ್ಪಾಗುತ್ತದೆ, ಪಕ್ಕಕ್ಕಿರಲಿ. ಫೋಟೊ ತೆಗೆಯುವಾಗ ಬಲ್ಬ್‌ಗಳನ್ನು ಆರಿಸಿ. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಮಾನದಲ್ಲಿ ಅಳೆಯುತ್ತಾರೆ, ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹಳದಿ. ಹಗಲಿನ ಬೆಳಕು ಸುಮಾರು 5,500 ಕೆಲ್ವಿನ್ ಇದ್ದರೆ, ಮನೆಯ ಹಳದಿ ಬಲ್ಬ್‌ನದು 2,700ರಿಂದ 3,000. ಎರಡೂ ಒಟ್ಟಿಗೆ ಬಿದ್ದರೆ ಒಂದು ಕೆನ್ನೆ ನೀಲಿ, ಇನ್ನೊಂದು ಹಳದಿ. ಎಡಿಟ್ ಮಾಡಿದರೂ ಇದು ಸುಲಭಕ್ಕೆ ಸರಿಹೋಗುವುದಿಲ್ಲ.

ಕೋಣೆ ಚಿಕ್ಕದು, ಜನ ಜಾಸ್ತಿ ಅಂದರೆ ಹೊರಗೆ ಹೋಗುವುದು ಒಳ್ಳೆಯದು. ಇಕ್ಕಟ್ಟಿನಲ್ಲಿ ಎಲ್ಲರನ್ನೂ ಹಿಡಿಸಲು ವೈಡ್ ಲೆನ್ಸ್ ಹಾಕಬೇಕಾಗುತ್ತದೆ. ಆಗ ಅಂಚಿನಲ್ಲಿ ನಿಂತವರು ಅಗಲವಾಗಿ, ಎಳೆದಂತೆ ಕಾಣುತ್ತಾರೆ. ಪಾಪ, ಅವರೇನು ತಪ್ಪು ಮಾಡಿದ್ದರು?

ಹೊರಗಿನ ಫೋಟೊಗೆ ಹೊತ್ತೇ ಮುಖ್ಯ. ಸೂರ್ಯ ಹುಟ್ಟಿದ ಮೇಲಿನ ಒಂದು ಗಂಟೆ, ಮುಳುಗುವ ಮುಂಚಿನ ಒಂದು ಗಂಟೆ ಬೆಳಕು ಓರೆಯಾಗಿ, ಮೆದುವಾಗಿ ಬರುತ್ತದೆ. ನಡುಮಧ್ಯಾಹ್ನ ನೆತ್ತಿಯ ಬಿಸಿಲಿಗೆ ಕಣ್ಣಿನ ಗುಳಿಯಲ್ಲಿ ನೆರಳು ಕೂರುತ್ತದೆ, ಎಲ್ಲರೂ ಕಣ್ಣು ಕಿರಿದು ಮಾಡುತ್ತಾರೆ. ಮೋಡ ಕವಿದಿದೆ ಎಂದು ಕೊನೇ ಗಳಿಗೆಯಲ್ಲಿ ರದ್ದು ಮಾಡುವವರಿದ್ದಾರೆ. ಮಳೆ ಇಲ್ಲದಿದ್ದರೆ ಹಾಗೆ ಮಾಡಬೇಡಿ. ಮೋಡದ ಬೆಳಕು ಎಲ್ಲರ ಮುಖಕ್ಕೂ ಸಮನಾಗಿ ಬೀಳುತ್ತದೆ. ಆದರೆ ಒಳ್ಳೆಯ ಬೆಳಕಿನ ಹೊತ್ತೂ ಮಗು ಮಲಗುವ ಹೊತ್ತೂ ಒಂದೇ ಆದರೆ? ಮಗುವಿನ ಮಾತೇ ನಡೆಯಲಿ. ನಿದ್ದೆಗೆಟ್ಟ ಮಗುವನ್ನು ಯಾವ ಬೆಳಕೂ ನಗಿಸುವುದಿಲ್ಲ.

ಉದ್ಯಾನ, ಹಳೆಯ ಕಟ್ಟಡದಂಥ ಜಾಗದಲ್ಲಿ ವೃತ್ತಿಪರ ಶೂಟಿಂಗ್‌ಗೆ ಅನುಮತಿ, ಶುಲ್ಕ ಇರಬಹುದು. ಅದನ್ನು ಯಾರು ಕಟ್ಟಬೇಕು ಎಂದು ಮೊದಲೇ ಮಾತಾಡಿಕೊಳ್ಳಿ.

ಯಾರನ್ನು ಆರಿಸುವುದು?

ಆನ್‌ಲೈನ್‌ನಲ್ಲಿ ಕಾಣುವುದು ಆಯ್ದ ಫೋಟೊಗಳು ಮಾತ್ರ. ಯಾರ ಕೆಲಸದಲ್ಲೂ ನಾಲ್ಕು ಒಳ್ಳೆಯವು ಸಿಕ್ಕೇ ಸಿಗುತ್ತವೆ, ಅಲ್ವಾ? ಅದಕ್ಕೇ, ಒಂದೇ ಕುಟುಂಬಕ್ಕೆ ತೆಗೆದ ಎಲ್ಲ ಫೋಟೊಗಳನ್ನೂ ತೋರಿಸಿ ಎಂದು ಕೇಳಿ. ಗುಂಪಿನ ಫೋಟೊದಲ್ಲಿ ಹಿಂದಿನ ಸಾಲಿನವರ ಮುಖವೂ ಸ್ಪಷ್ಟವಾಗಿದೆಯಾ ನೋಡಿ. ಒಬ್ಬರ ಚಿತ್ರ ಚೆನ್ನಾಗಿ ತೆಗೆಯುವವರೆಲ್ಲ ಹತ್ತು ಜನರನ್ನು ಸಂಭಾಳಿಸುತ್ತಾರೆ ಎಂದೇನಿಲ್ಲ.

ಮುಂಗಡ ಕೊಡುವ ಮುಂಚೆ

ಇಲ್ಲಿ ಸಂಕೋಚ ಬೇಡ. ಎಷ್ಟು ಗಂಟೆಯ ಕೆಲಸ? ಎಡಿಟ್ ಮಾಡಿದ ಫೋಟೊ ಎಷ್ಟು ಕೊಡುತ್ತಾರೆ? ಆರಿಸುವವರು ನೀವಾ, ಅವರಾ? ಯಾವ ದಿನದೊಳಗೆ ಕೈಗೆ ಬರುತ್ತವೆ? ಮಳೆ ಬಂದರೆ, ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಮುಂಗಡ ಇನ್ನೊಂದು ದಿನಕ್ಕೆ ಜಮಾ ಆಗುತ್ತದಾ? ಉತ್ತರಗಳೆಲ್ಲ ಬರವಣಿಗೆಯಲ್ಲಿರಲಿ, ಮೆಸೇಜ್ ಆದರೂ ಸರಿ. ಫೋಟೊದ ಹಕ್ಕು ಯಾರದು ಎಂಬ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಹಾಗಾಗಿ ಅದನ್ನೂ ಬರೆಸಿಕೊಳ್ಳಿ. ಮಕ್ಕಳ ಫೋಟೊವನ್ನು ಫೋಟೊಗ್ರಾಫರ್ ತಮ್ಮ ಜಾಹೀರಾತಿಗೆ ಬಳಸುವುದು ನಿಮಗೆ ಬೇಡವಾದರೆ ಈಗಲೇ ಹೇಳಿಬಿಡಿ.

ಫ್ರೇಮಿನ ಅಳತೆಯನ್ನೂ ಇದೇ ಹೊತ್ತಿಗೆ ತಿಳಿಸಿ. ಬಹಳಷ್ಟು ಕ್ಯಾಮೆರಾಗಳ ಚಿತ್ರ 3:2 ಅಳತೆಯದು, ಅಂದರೆ ಅಗಲ ಮೂರು ಪಾಲಾದರೆ ಎತ್ತರ ಎರಡು ಪಾಲು. ಅದನ್ನು 10x8 ಇಂಚಿನ ಫ್ರೇಮಿಗೆ ಹಾಕಬೇಕಾದರೆ 8 ಇಂಚು ಎತ್ತರಕ್ಕೆ 12 ಇಂಚು ಅಗಲ ಬರುವ ಚಿತ್ರವನ್ನು 10ಕ್ಕೆ ಕತ್ತರಿಸಬೇಕು. ಅಂಚಿನವರ ಭುಜ ಹೋಗುವುದು ಹೀಗೆ. ಮೊದಲೇ ಗೊತ್ತಿದ್ದರೆ ಫೋಟೊಗ್ರಾಫರ್ ಎರಡೂ ಕಡೆ ಜಾಗ ಬಿಟ್ಟು ತೆಗೆಯುತ್ತಾರೆ. 18x12 ಇಂಚಿನ ಪ್ರಿಂಟ್ ಇಂಚಿಗೆ 300 ಪಿಕ್ಸೆಲ್‌ನಂತೆ ಬರಬೇಕಾದರೆ ಫೈಲ್ 5,400x3,600 ಪಿಕ್ಸೆಲ್ ಇರಬೇಕು. ಚಾಟ್ ಆ್ಯಪ್‌ನಲ್ಲಿ ಕುಗ್ಗಿಬಂದ ಫೋಟೊ ಇದಕ್ಕೆ ಸಾಲದು, ಪೂರ್ತಿ ಗಾತ್ರದ ಫೈಲ್ ಕೇಳಿ.

ಫೋಟೊ ತೆಗೆಸುವ ದಿನ

ಎಲ್ಲರೂ ಒಂದೇ ಬಣ್ಣದ ಬಟ್ಟೆ ಹಾಕಬೇಕಿಲ್ಲ, ಒಂದಕ್ಕೊಂದು ಹೊಂದಿದರೆ ಸಾಕು. ತೀರಾ ಸಣ್ಣ ಗೆರೆಯ ಬಟ್ಟೆ ಮಾತ್ರ ಬೇಡ, ಫೋಟೊದಲ್ಲಿ ಅಲೆಯಲೆಯಾಗಿ ಕಾಣಬಹುದು. ಮಕ್ಕಳು ಹುರುಪಿನಲ್ಲಿರುವಾಗಲೇ ಇಡೀ ಗುಂಪಿನ ಫೋಟೊ ಮುಗಿಸಿ. ಆಮೇಲೆ ಅಜ್ಜಿ-ಮೊಮ್ಮಕ್ಕಳು, ಅಣ್ಣ-ತಂಗಿ ಹೀಗೆ ಚಿಕ್ಕ ಗುಂಪುಗಳು. ಯಾರ ಜೊತೆ ಯಾರು ಎಂಬ ಪಟ್ಟಿ ಒಬ್ಬರ ಕೈಯಲ್ಲಿರಲಿ, ಅವರೇ ಕೂಗಿ ಕರೆಯಲಿ. ಗುಂಪಿನಲ್ಲಿ ಯಾರಾದರೂ ಒಬ್ಬರು ಕಣ್ಣು ಮುಚ್ಚಿಯೇ ಮುಚ್ಚುತ್ತಾರೆ. ಒಂದೇ ಭಂಗಿಯನ್ನು ಐದಾರು ಸಲ ಕ್ಲಿಕ್ಕಿಸಿದರೆ ಬೇಸರಿಸಬೇಡಿ.

ಫೋಟೊಗಳ ಲಿಂಕ್ ಬಂದ ದಿನವೇ ಇಳಿಸಿಕೊಂಡು ಎರಡು ಕಡೆ ಇಡಿ. ಇಂಥ ಲಿಂಕ್‌ಗಳಿಗೆ ಸಾಮಾನ್ಯವಾಗಿ ಅವಧಿ ಇರುತ್ತದೆ.